ಸಾಂಕ್ರಾಮಿಕ ಕಾಲದಲ್ಲಿ ಶಾಲೆಯ ಶುಚಿತ್ವವೂ ಗುರುವಿನ ಕ್ಷೇಮವೂ

(ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಿ ಸದ್ಭಕ್ತರ ಸಭೆಯ ಮುಂದೆ ಮಾಡಿದ ಉಪನ್ಯಾಸ)

 

ಮಠವೆಂದ ಕೂಡಲೆ ಭಕ್ತರ ಮನಸ್ಸಿನಲ್ಲಿ ಮೂಡುವವು ಎರಡು: ಪ್ರಸಾದದ ಪಂಕ್ತಿ ಮತ್ತು ಪಾಠದ ಪಂಕ್ತಿ. ಅನ್ನದಾಸೋಹವೂ ಜ್ಞಾನದಾಸೋಹವೂ ಒಂದೇ ಅಂಗಳದಲ್ಲಿ ನಡೆದುಬಂದದ್ದು ಈ ನಾಡಿನ ಮಠಗಳ ಹೆಗ್ಗಳಿಕೆ. ಮಹೋತ್ಸವದ ಸಮಯದಲ್ಲಿ ಸಂದ ದಿನಗಳನ್ನು ಸ್ಮರಿಸುವದು ವಾಡಿಕೆ. ಆ ಸ್ಮರಣೆಯಲ್ಲಿ ಜಾತ್ರೆ, ಪಲ್ಲಕ್ಕಿ, ಪುರಾಣ, ಪ್ರವಚನಗಳ ವೈಭವಕ್ಕೆ ಇರುವಂತೆಯೇ ಅಂಗಳವು ಬರಿದಾಗಿದ್ದ ದಿನಗಳಿಗೂ ಸ್ಥಳವಿರಬೇಕು. ೨೦೨೦ ಮತ್ತು ೨೦೨೧ನೆಯ ಇಸವಿಗಳು ಅಂಥವು. ಆ ಎರಡು ವರುಷಗಳಲ್ಲಿ ಕೊರೊನಾ ಎಂಬ ಮಹಾವ್ಯಾಧಿಯು ಪಾಠದ ಪಂಕ್ತಿಯನ್ನು ಹೇಗೆ ಮುರಿಯಿತು, ಮುರಿದ ಪಂಕ್ತಿಯನ್ನು ಕೂಡಿಸಹೋದ ಶಿಕ್ಷಕರ ಗತಿ ಏನಾಯಿತು, ಮುಂದೆ ಇಂಥ ಕಾಲವು ಬಂದರೆ ಊರಿನವರ ಕರ್ತವ್ಯವೇನು ಎಂಬಿಷ್ಟು ವಿಷಯವನ್ನು ಈ ಉಪನ್ಯಾಸದಲ್ಲಿ ವಿಚಾರಿಸಲಾಗುವದು.

ಮೊದಲಿಗೆ ಒಂದು ಮಾತನ್ನು ಗ್ರಹಿಸತಕ್ಕದ್ದು. ವಿದ್ಯೆಯು ಹರಡುವ ಹಾದಿಯೂ ಸಾಂಕ್ರಾಮಿಕ ರೋಗವು ಹರಡುವ ಹಾದಿಯೂ ಬಹುಮಟ್ಟಿಗೆ ಒಂದೇ ಆಗಿರುವವು. ಗುರುವು ಬಾಯಿಬಿಟ್ಟು ಹೇಳಬೇಕು. ಶಿಷ್ಯನು ಸಮೀಪ ಕುಳಿತು ಕೇಳಬೇಕು. ಮಕ್ಕಳೆಲ್ಲ ಕೂಡಿ ಗಟ್ಟಿಯಾಗಿ ಮಗ್ಗಿ ಒಪ್ಪಿಸಬೇಕು. ಒಂದೇ ಪುಸ್ತಕದ ಮೇಲೆ ಇಬ್ಬರು ಬಾಗಬೇಕು. ಉಸಿರಿನಿಂದ ಉಸಿರಿಗೆ ದಾಟುವ ವ್ಯಾಧಿಗೂ ಇಷ್ಟೇ ಅನುಕೂಲ ಸಾಕು. ಆದುದರಿಂದಲೇ ಬೇನೆ ಬಂದ ಕಾಲದಲ್ಲಿ ಎಲ್ಲಕ್ಕೂ ಮೊದಲು ಮುಚ್ಚುವದು ಶಾಲೆಯ ಬಾಗಿಲು. ಎಲ್ಲಕ್ಕೂ ಕಡೆಗೆ ತೆರೆಯುವದೂ ಅದೇ.

ಬೇನೆ ಬಂದಾಗ ಊರು ಹೇಗೆ ನಡೆದುಕೊಳ್ಳಬೇಕೆಂಬುದು ಈ ಸೀಮೆಗೆ ಹೊಸ ಪ್ರಶ್ನೆಯಲ್ಲ. ೧೮೯೬ನೆಯ ಇಸವಿಯಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಧಾರವಾಡ ಜಿಲ್ಲೆಯನ್ನು ಹೊಕ್ಕು, ೧೮೯೮ರಲ್ಲಿ ಹುಬ್ಬಳ್ಳಿಯ ಜನರನ್ನು ಬಹಳವಾಗಿ ಬಾಧಿಸಿತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಬಾಗಿಲಿಗೆ ಬೀಗ ಹಾಕಿ, ಊರ ಹೊರಗೆ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುವ ಪದ್ಧತಿಯು ಆ ಕಾಲದಲ್ಲಿ ಬೆಳೆಯಿತು. ವಾಲ್ಡೆಮಾರ್ ಹಾಫ್ಕಿನ್ ಎಂಬ ಪಂಡಿತನು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ೧೮೯೭ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದನು. ಮರುವರುಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಆ ಲಸಿಕೆಯನ್ನು ಹಾಕಿಸಿಕೊಂಡರು. ತರುವಾಯ ೧೯೧೮ರಲ್ಲಿ ಇನ್‌ಫ್ಲುಯೆಂಝಾ ಜ್ವರವು ಜಗತ್ತನ್ನೆಲ್ಲ ವ್ಯಾಪಿಸಿ, ಭರತಖಂಡದಲ್ಲಿಯೇ ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು. ಬಯಲ ಗಾಳಿ, ಜನರ ನಡುವೆ ಅಂತರ, ಲಸಿಕೆ ಇವು ಅಜ್ಜ ಮುತ್ತಜ್ಜರು ಕಷ್ಟದಿಂದ ಕಲಿತ ಪಾಠಗಳು. ನೂರು ವರುಷಗಳ ಮೇಲೆ ಬಂದ ವ್ಯಾಧಿಯೂ ಅವೇ ಪಾಠಗಳನ್ನು ಮತ್ತೊಮ್ಮೆ ಒಪ್ಪಿಸಲು ಹಚ್ಚಿತು.

೨೦೨೦ನೆಯ ಮಾರ್ಚ್ ೧೧ರಂದು ಜಾಗತಿಕ ಆರೋಗ್ಯ ಸಂಸ್ಥೆಯು ಕೊರೊನಾ ವ್ಯಾಧಿಯನ್ನು ಜಗದ್ವ್ಯಾಪಿ ಮಹಾಮಾರಿಯೆಂದು ಸಾರಿತು. ಭಾರತದಲ್ಲಿ ಈ ರೋಗದಿಂದ ಮೊದಲನೆಯ ಮರಣವು ಸಂಭವಿಸಿದ್ದು ಕನ್ನಡ ನಾಡಿನ ಕಲಬುರ್ಗಿಯಲ್ಲಿ, ಅದೇ ತಿಂಗಳಿನಲ್ಲಿ. ಶಾಲೆಗಳು ಮುಚ್ಚಿದವು. ಮಾರ್ಚ್ ೨೫ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಕೆಲವು ವಾರಗಳ ಮಾತೆಂದು ತಿಳಿದದ್ದು ವರುಷವನ್ನು ದಾಟಿತು. ಒಂದನೆಯ ಇಯತ್ತೆಯಿಂದ ಐದನೆಯ ಇಯತ್ತೆಯ ವರೆಗಿನ ಮಕ್ಕಳಿಗೆ ಕರ್ನಾಟಕದಲ್ಲಿ ಶಾಲೆಯ ಬಾಗಿಲು ತೆರೆದದ್ದು ೨೦೨೧ನೆಯ ಅಕ್ಟೋಬರ್ ೨೫ಕ್ಕೆ. ಎಂದರೆ ೨೦೨೦ರಲ್ಲಿ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ಕೂಸು, ಶಾಲೆಯ ಮಣೆಯ ಮೇಲೆ ಮೊದಲ ಸಲ ಕುಳಿತಾಗ ಎರಡನೆಯ ಇಯತ್ತೆಯಲ್ಲಿತ್ತು! ಅಕ್ಷರಾಭ್ಯಾಸದ ವಯಸ್ಸು ಮನೆಯ ಕಟ್ಟೆಯ ಮೇಲೆ ಕಳೆದುಹೋಯಿತು.

ಶಾಲೆ ಮುಚ್ಚಿದ ಮಾತ್ರಕ್ಕೆ ಹಳ್ಳಿಯ ಮಕ್ಕಳು ಕ್ಷೇಮವಾಗಿದ್ದರೆಂದು ತಿಳಿಯಬಾರದು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೆ ಅಕ್ಷರದಾಸೋಹವೆಂದು ಹೆಸರಿಟ್ಟದ್ದು ಈ ಸಭೆಗೆ ಗೊತ್ತಿದ್ದ ಸಂಗತಿ. ಒಲೆ ಆರಿದ ಮೇಲೆ ಅಕ್ಕಿ ಬೇಳೆಗಳನ್ನು ಮನೆಗೆ ಹಂಚಲಾಯಿತು. ಆದರೆ ಗೆಳೆಯರ ಸಂಗಡ ಪಂಕ್ತಿಯಲ್ಲಿ ಕುಳಿತು ಉಣ್ಣುವ ಊಟವು ಮರಳಲಿಲ್ಲ. ಚಂದನ ದೂರದರ್ಶನದಲ್ಲಿ ಸಂವೇದ ಎಂಬ ಪಾಠಗಳು ೨೦೨೦ರ ಜುಲೈ ತಿಂಗಳಿಂದ ಪ್ರಸಾರವಾದವು. ಪಟ್ಟಣದ ಮಕ್ಕಳು ಮೊಬೈಲಿನಲ್ಲಿ ಗುರುವಿನ ಮುಖ ಕಂಡರು. ಕಾಡಿನ ಸೆರಗಿನ ಊರುಗಳಲ್ಲಿ ಮೊಬೈಲು ಇದ್ದರೆ ಸಂಪರ್ಕವಿಲ್ಲ. ಸಂಪರ್ಕವಿದ್ದರೆ ಮೊಬೈಲು ಅಪ್ಪನ ಸಂಗಡ ಹೊಲಕ್ಕೆ ಹೋಗಿರುವದು. ಓದುವ ಕೈಗಳು ಕೂಲಿಗೆ ಹೋದವು. ಎಳೆಯ ಹೆಣ್ಣುಮಕ್ಕಳ ಮದುವೆಯ ಮಾತುಗಳು ಮನೆಗಳಲ್ಲಿ ಹುಟ್ಟಿದವು.

ಈ ದುಃಸ್ಥಿತಿಯನ್ನು ಕಂಡು ಸರಕಾರವು ೨೦೨೦ರ ಆಗಸ್ಟ್ ತಿಂಗಳಿನಲ್ಲಿ ವಿದ್ಯಾಗಮವೆಂಬ ಯೋಜನೆಯನ್ನು ಆರಂಭಿಸಿತು. ಮಕ್ಕಳು ಶಾಲೆಗೆ ಬರುವಂತಿಲ್ಲವಾದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಲಿ ಎಂಬುದು ಅದರ ತಾತ್ಪರ್ಯ. ಮನೆಯಲ್ಲಿ ಅಂತರ್ಜಾಲವುಳ್ಳ ಮೊಬೈಲು ಇರುವವರು, ಬರಿಯ ಮೊಬೈಲು ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರು ವರ್ಗ ಮಾಡಿ, ಇಪ್ಪತ್ತು ಇಪ್ಪತ್ತೈದು ಮಕ್ಕಳಿಗೆ ಒಬ್ಬ ಶಿಕ್ಷಕರನ್ನು ಗೊತ್ತುಪಡಿಸಲಾಯಿತು. ಗುಡಿಯ ಪೌಳಿಯಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ, ಮನೆಯ ಪಡಸಾಲೆಯಲ್ಲಿ ಪಾಠಗಳು ನಡೆದವು. ಜಂಗಮರು ಮನೆಮನೆಗೆ ಹೋಗಿ ಬೋಧಿಸುತ್ತಿದ್ದ ಸಂಪ್ರದಾಯವನ್ನು ಬಲ್ಲ ಜನರಿಗೆ ಈ ಕ್ರಮವು ಪರಕೀಯವೆನಿಸಲಿಲ್ಲ. ಮಕ್ಕಳು ಹಿಗ್ಗಿದರು, ತಾಯಂದಿರು ಹರಸಿದರು.

ಆದರೆ ಒಂದು ಓಣಿಯಿಂದ ಇನ್ನೊಂದು ಓಣಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ದಿನಾಲು ತಿರುಗುವ ಮನುಷ್ಯನೇ ರೋಗಕ್ಕೆ ಮೊದಲು ಎದುರಾಗುವನು. ಶಿಕ್ಷಕರಿಗೆ ಜ್ವರ ಬಂದಿತು, ಕೆಲವರು ತೀರಿಕೊಂಡರು, ಮಕ್ಕಳಿಗೂ ಸೋಂಕು ತಗಲಿದ ವಾರ್ತೆಗಳು ಬಂದವು. ೨೦೨೦ರ ಅಕ್ಟೋಬರ್ ೧೦ರಂದು ವಿದ್ಯಾಗಮವನ್ನು ತಾತ್ಪೂರ್ತಿಕವಾಗಿ ನಿಲ್ಲಿಸಲಾಯಿತು. ೨೦೨೧ರ ಜನವರಿ ೧ರಂದು ಮೇಲಿನ ಇಯತ್ತೆಗಳ ಪಾಠಗಳೊಡನೆ ಅದನ್ನು ತಿದ್ದಿ ಮತ್ತೆ ಪ್ರಾರಂಭಿಸಿದರು. ಅಷ್ಟರಲ್ಲಿ ಎರಡನೆಯ ಅಲೆಯು ಬಂದಿತು. ಅದೇ ಏಪ್ರಿಲ್ ೧೭ರಂದು ಬೆಳಗಾವಿಯ ಲೋಕಸಭೆಗೂ, ಬಸವಕಲ್ಯಾಣ ಹಾಗೂ ಮಸ್ಕಿಯ ವಿಧಾನಸಭೆಗೂ ಉಪಚುನಾವಣೆಗಳು ನಡೆದವು; ಅಲ್ಲಿಯ ಕರ್ತವ್ಯಕ್ಕೆ ಹೋಗಿಬಂದ ಶಿಕ್ಷಕರಲ್ಲಿ ಹಲವರು ರೋಗಕ್ಕೆ ತುತ್ತಾಗಿ ಅಸುನೀಗಿದ ವಾರ್ತೆಗಳು ವೃತ್ತಪತ್ರಗಳಲ್ಲಿ ಬಂದವು. ಪಾಠದ ಹೊರತಾಗಿ ಮನೆಮನೆಯ ಸಮೀಕ್ಷೆ, ತಪಾಸಣೆಯ ನಾಕೆ, ಸೋಂಕಿತರ ಸಂಪರ್ಕದ ಶೋಧನೆ ಮುಂತಾದ ಕೆಲಸಗಳೂ ಶಿಕ್ಷಕರ ಹೆಗಲಿಗೇ ಬಿದ್ದಿದ್ದವು.

ಇಷ್ಟಾಗಿಯೂ ಆ ದಿನಗಳಲ್ಲಿ ಊರ ಕಟ್ಟೆಗಳ ಮೇಲೆ ಕೇಳಿಬಂದ ಮಾತೇನು? “ಮಾಸ್ತರರಿಗೆ ಕುಳಿತಲ್ಲಿ ಪಗಾರ” ಎಂಬುದು! ಈ ಮಾತು ಎರಡು ವಿಧದಿಂದ ಅನ್ಯಾಯದ್ದು. ಪಗಾರವುಳ್ಳವರು ಕುಳಿತಿರಲಿಲ್ಲವೆಂಬುದು ಮೇಲೆ ಹೇಳಿದ ಸಂಗತಿಗಳಿಂದ ಸ್ಪಷ್ಟವಾಗಿರುವದು. ಕುಳಿತವರಿಗೋ ಪಗಾರವೇ ಇರಲಿಲ್ಲ. ಅನುದಾನವಿಲ್ಲದ ಖಾಸಗಿ ಶಾಲೆಗಳ ಶಿಕ್ಷಕರೂ ಅತಿಥಿ ಶಿಕ್ಷಕರೂ ಶಾಲೆ ಮುಚ್ಚಿದ ಕೂಡಲೆ ಗಳಿಕೆಯನ್ನು ಕಳೆದುಕೊಂಡರು. ನಿನ್ನೆಯ ವರೆಗೆ ವ್ಯಾಕರಣ ಕಲಿಸಿದವರು ಉದ್ಯೋಗ ಖಾತರಿಯ ಕೆಲಸದಲ್ಲಿ ಮಣ್ಣು ಹೊತ್ತರು, ಕಾಯಿಪಲ್ಲೆ ಮಾರಿದರು. ದುಡಿಮೆಯಲ್ಲಿ ಮೇಲು ಕೀಳಿಲ್ಲವೆಂದು ಶರಣರ ಮಾರ್ಗವು ಸಾರುವದು ನಿಜ. ಆದರೆ ಕಲಿಸುವ ಕಾಯಕವನ್ನು ಮಾಡಬಲ್ಲವನಿಗೆ ಹೊಟ್ಟೆಯ ಸಲುವಾಗಿ ಅದನ್ನು ಬಿಡಬೇಕಾದದ್ದು ಸಮಾಜದ ನಷ್ಟವೇ ಸರಿ. ೨೦೨೧ರ ಜೂನ್ ತಿಂಗಳಲ್ಲಿ ಸರಕಾರವು ಇಂಥ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ತಲಾ ೫,೦೦೦ ರೂಪಾಯಿಗಳ ಸಹಾಯವನ್ನು ಸಾರಿತು. ಹದಿನೈದು ತಿಂಗಳ ಬರಗಾಲಕ್ಕೆ ಅದು ಒಂದು ಹನಿ.

ಇನ್ನು ರೋಗವು ಹರಡುವ ಬಗೆಯನ್ನೂ ಅದನ್ನು ತಡೆಯುವ ಉಪಾಯಗಳನ್ನೂ ವಿಚಾರಿಸೋಣವಾಗಲಿ. ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ, ಹಾಡಿದಾಗ ಬಾಯಿಂದ ಕಣ್ಣಿಗೆ ಕಾಣದ ತುಂತುರು ಹೊರಡುವದು. ಅದರಲ್ಲಿ ದೊಡ್ಡ ಹನಿಗಳು ಬೇಗನೆ ನೆಲಕ್ಕೆ ಬೀಳುವವು. ಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ, ಲೋಬಾನದ ಹೊಗೆಯಂತೆ, ಬಹಳ ಹೊತ್ತು ತೇಲಾಡುವವು. ಮೊದಮೊದಲು ವೈದ್ಯರು ಮುಟ್ಟುವ ವಸ್ತುಗಳ ಮೇಲೆಯೇ ಹೆಚ್ಚು ಲಕ್ಷ್ಯವಿಟ್ಟು ಬೆಂಚು ಬಾಗಿಲುಗಳನ್ನು ತೊಳೆಯಿಸಿದರು. ಬರಬರುತ್ತ ಗಾಳಿಯೇ ಮುಖ್ಯ ವಾಹನವೆಂದು ನಿಶ್ಚಯವಾಯಿತು. ಆದಕಾರಣ ಶಾಲೆಯ ಮೊದಲನೆಯ ಔಷಧವು ತೆರೆದ ಕಿಡಕಿ. ಎದುರುಬದುರಿನ ಕಿಡಕಿ ಬಾಗಿಲುಗಳನ್ನು ತೆಗೆದಿಟ್ಟರೆ ಹೊಲಸಾದ ಗಾಳಿಯು ಹೊರಗೆ ಹೋಗಿ ಶುದ್ಧವಾದದ್ದು ಒಳಗೆ ಬರುವದು. ಇದಕ್ಕೆ ಕಾಸಿನ ಖರ್ಚಿಲ್ಲ. ಮಳೆಗಾಲದಲ್ಲಿ ಜಡಿ ಹೊಡೆಯುವದೆಂದು ಕಿಡಕಿಗಳಿಗೆ ಹಲಗೆ ಬಡಿದ ಶಾಲೆಗಳು ಈ ಮಲೆಸೀಮೆಯಲ್ಲಿ ಇಲ್ಲವೆನ್ನಲಾಗದು. ಅಂಥಲ್ಲಿ ಊರವರು ಕಿಡಕಿಯ ಮೇಲೆ ಒಂದು ತಗಡಿನ ಇಳಿಜಾರನ್ನು ಹಾಕಿಸಿಕೊಟ್ಟರೆ ಗಾಳಿಯೂ ಬಂದೀತು, ಮಳೆಯೂ ತಡೆದೀತು.

ಎರಡನೆಯ ಔಷಧವು ಸಾಬೂನು ನೀರು. ಕೊರೊನಾದ ವಿಷಾಣುವಿಗೆ ಕೊಬ್ಬಿನ ಹೊದಿಕೆ ಇರುವದು. ಸಾಬೂನು ಆ ಹೊದಿಕೆಯನ್ನು ಕರಗಿಸಲು ವಿಷಾಣುವು ಒಡೆದು ಹಾಳಾಗುವದು. ಇಪ್ಪತ್ತು ಎಣಿಸುವ ವರೆಗೆ ಕೈ ಉಜ್ಜಬೇಕು. ೧೮೪೭ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ಪಟ್ಟಣದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಹೆರಿಗೆ ಮಾಡಿಸುವವರು ಕೈ ತೊಳೆದುಕೊಂಡರೆ ಬಾಣಂತಿಯರ ಸಾವು ಇಳಿಯುವದೆಂದು ತೋರಿಸಿಕೊಟ್ಟಾಗ ದೊಡ್ಡ ದೊಡ್ಡ ಪಂಡಿತರು ಅವನನ್ನು ನಂಬಲಿಲ್ಲ. ಇಂದು ಹಳ್ಳಿಯ ಕೂಸೂ ಅದನ್ನು ಬಲ್ಲದು. ಕೊರೊನಾ ಹೋದರೂ ಈ ರೂಢಿಯು ಹೋಗಬಾರದು. ವಾಂತಿಭೇದಿ, ವಿಷಮಜ್ವರ, ಜಂತುಬಾಧೆಗಳು ಕೈಯ ಹೊಲಸಿನಿಂದಲೇ ಮಕ್ಕಳ ಹೊಟ್ಟೆ ಸೇರುವವು.

ಇವುಗಳ ಸಂಗಡ ಮುಖವಸ್ತ್ರ, ಅಂತರ, ಲಸಿಕೆ ಇವು ಕೂಡಿದರೆ ಕೋಟೆಯು ಪೂರ್ಣವಾಗುವದು. ಇದು ಬರಿಯ ಮಾತಲ್ಲ. ೨೦೨೦ನೆಯ ಜೂನ್ ೨೫ರಿಂದ ಕರ್ನಾಟಕದಲ್ಲಿ ಹತ್ತನೆಯ ಇಯತ್ತೆಯ ಪರೀಕ್ಷೆ ನಡೆಯಿತು. ಎಂಟು ಲಕ್ಷಕ್ಕೆ ಮಿಕ್ಕಿ ವಿದ್ಯಾರ್ಥಿಗಳು ಹೆಸರು ಕೊಟ್ಟಿದ್ದರು. ಬಾಗಿಲಲ್ಲಿ ಜ್ವರದ ತಪಾಸಣೆ, ಎಲ್ಲರಿಗೂ ಮುಖವಸ್ತ್ರ, ಬೆಂಚಿನಿಂದ ಬೆಂಚಿಗೆ ಅಂತರ. ಅನೇಕರು ಅಂಜಿದ್ದರೂ ಪರೀಕ್ಷೆಯು ಕೊನೆಮುಟ್ಟಿತು. ಮರುವರುಷದ ಪರೀಕ್ಷೆಯನ್ನು ಜುಲೈ ೧೯ ಮತ್ತು ೨೨ ಈ ಎರಡೇ ದಿನಗಳಿಗೆ ಇಳಿಸಿ, ಕೋಣೆಗೆ ಹನ್ನೆರಡು ಜನರನ್ನು ಕೂಡ್ರಿಸಿದರು. ಇದಕ್ಕೆ ಪ್ರತಿಯಾದ ಉದಾಹರಣೆಯೂ ಈ ಜಿಲ್ಲೆಯಲ್ಲಿಯೇ ಉಂಟು. ೨೦೨೧ರ ನವೆಂಬರದಲ್ಲಿ ಧಾರವಾಡದ ಸಮೀಪದ ಒಂದು ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಒಂದು ಸಮಾರಂಭದ ತರುವಾಯ ೨೮೦ಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿತು. ಅವರಲ್ಲಿ ಬಹುತೇಕರು ಎರಡೂ ಲಸಿಕೆಗಳನ್ನು ಹಾಕಿಸಿಕೊಂಡವರಾದ್ದರಿಂದ ರೋಗವು ಉಲ್ಬಣಿಸಲಿಲ್ಲ. ಲಸಿಕೆಯು ಪ್ರಾಣವನ್ನು ಕಾಯುವದು. ಆದರೂ ಸಂದಣಿಯಲ್ಲಿ ಸೋಂಕನ್ನು ಪೂರ್ತಿಯಾಗಿ ತಡೆಯಲಾರದು ಎಂಬೆರಡು ಪಾಠಗಳು ಇದರಿಂದ ದೊರಕುವವು.

ಈಗ ಉಪನ್ಯಾಸದ ಮುಖ್ಯ ಮಾತಿಗೆ ಬರತಕ್ಕದ್ದು. ಕಿಡಕಿ, ಸಾಬೂನು, ಮುಖವಸ್ತ್ರ ಎಲ್ಲವೂ ಇದ್ದು, ಜ್ವರ ಬಂದ ಶಿಕ್ಷಕರು ಶಾಲೆಗೆ ಬಂದರೆ ಕೋಟೆಯು ಒಳಗಿನಿಂದಲೇ ಒಡೆಯುವದು. ರೋಗದ ಚಿಹ್ನೆಗಳು ತೋರುವದಕ್ಕಿಂತ ಒಂದೆರಡು ದಿನ ಮೊದಲೇ ಸೋಂಕು ಇತರರಿಗೆ ದಾಟತೊಡಗುವದು. ಚಿಹ್ನೆ ತೋರಿದ ಬಳಿಕವೂ ಬಂದರೆ ಹೇಳುವದೇನು? ಅಂಥ ಸ್ಥಿತಿಯಲ್ಲಿ ಯಾವ ಶಿಕ್ಷಕರಾದರೂ ಯಾಕೆ ಬರುವರು? ಹಳ್ಳಿಯ ಶಾಲೆಯಲ್ಲಿ ಇರುವವರೇ ಒಬ್ಬರೋ ಇಬ್ಬರೋ. ಒಬ್ಬರು ಮಲಗಿದರೆ ಶಾಲೆಯೇ ಮಲಗುವದು. ರಜೆ ಕೇಳಲು ಸಂಕೋಚ, ಕಟ್ಟೆಯ ಮೇಲಿನವರ ಮಾತಿನ ಅಂಜಿಕೆ, ಅತಿಥಿ ಶಿಕ್ಷಕರಿಗಂತೂ ಬಾರದ ದಿನದ ದುಡ್ಡು ಬಾರದೆಂಬ ಚಿಂತೆ. ಇವೆಲ್ಲ ಕೂಡಿ ಬೇನೆಯ ಮೈಯನ್ನು ಶಾಲೆಗೆ ಎಳೆತರುವವು. ಆದುದರಿಂದ ಗುರುವಿನ ಕ್ಷೇಮವೂ ಮಕ್ಕಳ ಕ್ಷೇಮವೂ ಬೇರೆಬೇರೆಯಲ್ಲ. ಯಾವ ಊರಿನಲ್ಲಿ ಗುರುವು ನಿಶ್ಚಿಂತೆಯಿಂದ “ಇಂದು ಮೈಯಲ್ಲಿ ಸ್ವಸ್ಥವಿಲ್ಲ” ಎಂದು ಹೇಳಿ ಮನೆಯಲ್ಲಿ ಮಲಗಬಲ್ಲನೋ ಆ ಊರಿನ ಮಕ್ಕಳೇ ಸುರಕ್ಷಿತರು.

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದದ್ದು. ತೊಟ್ಟಿಲಲ್ಲಿಯ ಕೂಸಿನ ಮೇಲೆ ಮನೆಮಂದಿಯೆಲ್ಲರ ಕಣ್ಣಿರುವದು. ತೂಗುವ ಕೈಗೆ ಜ್ವರ ಬಂದದ್ದನ್ನು ಕೇಳುವವರು ವಿರಳ. ಮಹಾಮಾರಿಯ ಕಾಲದಲ್ಲಿ ಶಿಕ್ಷಕರ ಸ್ಥಿತಿಯು ಹೀಗೆಯೇ ಆಯಿತು. ಅವರಿಗೂ ಮನೆಯಲ್ಲಿ ಮುಪ್ಪಿನ ತಾಯಿತಂದೆಗಳಿದ್ದರು; ಸಂಜೆ ಮನೆಗೆ ಮರಳುವಾಗ ರೋಗವನ್ನು ಹೊತ್ತುತಂದೆನೋ ಎಂಬ ಅಂಜಿಕೆಯಿತ್ತು. ಜತೆಗಾರರ ಸಾವಿನ ಸುದ್ದಿ ಕೇಳಿ, ಅಂತ್ಯಕ್ರಿಯೆಗೂ ಹೋಗಲಾರದೆ, ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮರುದಿನ ಮಕ್ಕಳ ಮುಂದೆ ನಗುಮುಖ ತೋರಬೇಕಾಯಿತು. ನಿದ್ದೆ ಬಾರದಿರುವದು, ಕಾರಣವಿಲ್ಲದೆ ಸಿಟ್ಟು ಬರುವದು, ಹಿಂದೆ ಪ್ರಿಯವಾಗಿದ್ದ ಪಾಠದಲ್ಲಿ ಮನಸ್ಸು ನಿಲ್ಲದಿರುವದು, ಇವು ಮೈಯ ಜ್ವರದಂತೆಯೇ ಮನಸ್ಸಿನ ಜ್ವರದ ಚಿಹ್ನೆಗಳು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮನೋವ್ಯಾಧಿಯ ಚಿಕಿತ್ಸೆಗೆ ಧಾರವಾಡದಲ್ಲಿ ೧೮೪೫ರಿಂದಲೂ ಆಸ್ಪತ್ರೆಯಿದ್ದು, ಅದೇ ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ನಡೆದಿರುವದು. ೨೦೨೨ರ ಅಕ್ಟೋಬರ್ ೧೦ರಿಂದ ದೇಶದಾದ್ಯಂತ ಟೆಲಿ-ಮನಸ್ ಎಂಬ ಸೇವೆಯೂ ಪ್ರಾರಂಭವಾಗಿದ್ದು, ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಗಲಿರುಳೆನ್ನದೆ ಸಾಂತ್ವನವೂ ಸಲಹೆಯೂ ದೊರೆಯುವವು.

ಕಾಯಕವೆಂದರೆ ಕಾಯವನ್ನು ಸವೆಸುವದು, ಆದುದರಿಂದ ಶಿಕ್ಷಕನು ಪ್ರಾಣವನ್ನು ಲೆಕ್ಕಿಸದೆ ದುಡಿಯತಕ್ಕದ್ದೆಂದು ಕೆಲವರು ವಾದಿಸುವರು. ಈ ಅರ್ಥವು ಅಪೂರ್ಣವಾದದ್ದು. ಕಾಯವಿದ್ದರೆ ಕಾಯಕ. ಇದಲ್ಲದೆ ಕಾಯಕದ ಮಗ್ಗುಲಿಗೇ ಶರಣರು ದಾಸೋಹವನ್ನು ಇಟ್ಟಿರುವರು. ಒಬ್ಬನ ಕಾಯಕದ ಫಲವು ಎಲ್ಲರಿಗೂ ಸಲ್ಲುವಂತೆ ಒಬ್ಬನ ಭಾರವನ್ನೂ ಎಲ್ಲರೂ ಹೊರಬೇಕೆಂಬುದು ಅದರ ಇಂಗಿತ. ಒಬ್ಬನಿಗೆ ಕಾಯಕವನ್ನು ಬೋಧಿಸಿ ಉಳಿದವರು ದಾಸೋಹವನ್ನು ಮರೆಯುವದು ಧರ್ಮವಾಗಲಾರದು. ಸರಕಾರವೂ ಈ ಮಾತನ್ನು ತಡವಾಗಿಯಾದರೂ ಮನಗಂಡಿತು. ೨೦೨೧ರ ಸೆಪ್ಟೆಂಬರ್ ೫ರ ಶಿಕ್ಷಕರ ದಿನದೊಳಗಾಗಿ ದೇಶದ ಎಲ್ಲ ಶಿಕ್ಷಕರಿಗೂ ಲಸಿಕೆ ಹಾಕಿಸಬೇಕೆಂದು ಕೇಂದ್ರ ಸರಕಾರವು ಪ್ರಾಂತಗಳಿಗೆ ತಿಳಿಸಿ, ಅದಕ್ಕಾಗಿ ಹೆಚ್ಚಿನ ಲಸಿಕೆಯನ್ನು ಕೊಟ್ಟಿತು.

ಜಾಗತಿಕ ಆರೋಗ್ಯ ಸಂಸ್ಥೆಯು ೨೦೨೩ರ ಮೇ ೫ರಂದು ಕೊರೊನಾದ ತುರ್ತು ಸ್ಥಿತಿಯು ಮುಗಿಯಿತೆಂದು ಸಾರಿತು. ತುರ್ತು ಮುಗಿದ ಮಾತ್ರಕ್ಕೆ ಸಿದ್ಧತೆಯನ್ನು ಮರೆಯಲಾಗದು. ದೇವಿಕೊಪ್ಪದಂಥ ಊರುಗಳು ಮಾಡಬಹುದಾದ ಕೆಲಸಗಳು ಕೆಲವಿರುವವು. ಒಂದನೆಯದು, ಊರಿನಲ್ಲಿ ಓದಿಕೊಂಡ ತರುಣ ತರುಣಿಯರು ತಮ್ಮ ಹೆಸರುಗಳನ್ನು ಶಾಲೆಯಲ್ಲಿ ಬರೆಯಿಸಿಟ್ಟು, ಶಿಕ್ಷಕರು ಬೇನೆಯಲ್ಲಿರುವಾಗ ಮಕ್ಕಳನ್ನು ಕೂಡ್ರಿಸಿ ಓದಿಸಲು ಮುಂದಾಗಬೇಕು. ಎರಡನೆಯದು, ಕೆಮ್ಮು ಜ್ವರವಿರುವ ಮಗುವನ್ನು ತಾಯಂದಿರು ಹಾಜರಿಯ ಆಸೆಗೆ ಶಾಲೆಗೆ ಕಳಿಸಬಾರದು. ಮೂರನೆಯದು, ಶಾಲೆಯ ಕೋಣೆ ಸಾಲದಾದಾಗ ಮಠದ ಪಡಸಾಲೆಯನ್ನೂ ಗುಡಿಯ ಪೌಳಿಯನ್ನೂ ಪಾಠಕ್ಕೆ ತೆರೆದಿಡಬೇಕು. ಬೇನೆ ಹರಡಿದಾಗ ಜಾತ್ರೆಯ ಸಂದಣಿಯನ್ನು ಮುಂದೂಡಲು ಭಕ್ತರು ತಾವಾಗಿ ಒಪ್ಪಬೇಕು. ನಾಲ್ಕನೆಯದು, ಮಲಗಿದ ಶಿಕ್ಷಕರ ಮನೆಗೆ ಊಟ, ಔಷಧ, ಧೈರ್ಯದ ಮಾತು ತಲುಪಬೇಕು. ಪಗಾರವಿಲ್ಲದ ಶಿಕ್ಷಕರ ಮನೆಗೆ ಕಾಳುಕಡಿ ತಲುಪಬೇಕು. ಮಠದ ದಾಸೋಹದ ಗಂಟೆಯು ಅಂಗಳದಲ್ಲಿ ಕುಳಿತವರಿಗಷ್ಟೇ ಅಲ್ಲದೆ, ಅಂಗಳಕ್ಕೆ ಬರಲಾರದವರಿಗೂ ಕೇಳಿಸಬೇಕು. ಐದನೆಯದು ಶಿಕ್ಷಕರಿಗೇ ಹೇಳತಕ್ಕದ್ದು: ಜ್ವರವನ್ನು ಮುಚ್ಚಿಡದೆ, ನಿದ್ದೆ ಊಟಗಳನ್ನು ಕೆಡಿಸಿಕೊಳ್ಳದೆ, ಜತೆಗಾರರೊಡನೆ ಮನಸ್ಸನ್ನು ಬಿಚ್ಚಿ ಮಾತಾಡಿ, ತಮ್ಮನ್ನೂ ಒಬ್ಬ ವಿದ್ಯಾರ್ಥಿಯಂತೆ ಜೋಪಾನ ಮಾಡಿಕೊಳ್ಳಬೇಕು.

ಕೊರೊನಾ ಕಾಲದಲ್ಲಿ ಹಿಂದೆ ಬಿದ್ದ ಕಲಿಕೆಯನ್ನು ಕೂಡಿಸಿಕೊಳ್ಳಲು ಕರ್ನಾಟಕದ ಶಾಲೆಗಳಲ್ಲಿ ೨೦೨೨-೨೩ನೆಯ ವರುಷವನ್ನು ಕಲಿಕಾ ಚೇತರಿಕೆಯ ವರುಷವೆಂದು ನಡೆಸಲಾಯಿತು. ಮಕ್ಕಳ ಕಲಿಕೆಯು ಚೇತರಿಸಿಕೊಳ್ಳಲೆಂದು ದುಡಿದ ಶಿಕ್ಷಕರ ಚೇತರಿಕೆಗಾಗಿ ಪ್ರತ್ಯೇಕ ವರುಷವನ್ನು ಯಾರೂ ಗೊತ್ತುಮಾಡಲಿಲ್ಲ. ಆ ಉಪಕಾರದ ಋಣವು ಊರುಗಳ ಮೇಲೆ ಇನ್ನೂ ಉಳಿದಿರುವದು. ತೀರಿಕೊಂಡ ಶಿಕ್ಷಕರ ಆತ್ಮಗಳಿಗೆ ಶಾಂತಿ ಲಭಿಸಲಿ. ಇರುವವರಿಗೆ ಆಯುರಾರೋಗ್ಯಗಳು ದೊರೆಯಲಿ. ಶಾಲೆಗಳ ಕಿಡಕಿಗಳು ಸದಾ ತೆರೆದಿರಲಿ. ಗುರುವನ್ನು ಪೂಜಿಸುವ ಈ ನಾಡು ಗುರುವಿನ ಆರೈಕೆಯನ್ನೂ ಕಲಿಯಲಿ ಎಂದು ಪೂಜ್ಯರ ಪಾದಗಳಲ್ಲಿ ಬಿನ್ನವಿಸಿ ಈ ಉಪನ್ಯಾಸವನ್ನು ಮುಗಿಸಲಾಗುವದು.